ಜೇಬಿನ ಪಿಸ್ತೂಲು: ಯಾವುದು ಅಂತ ಕೇಳುವ ಗೆಳೆಯರಿಗೆ

ಗವಿಪುರ, ಗುಟ್ಟಹಳ್ಳಿ, ಚಾಮರಾಜಪೇಟೆ ಕಡೆಯ ನಮ್ಮ ಸಭೆಗಳಲ್ಲಿ ಭಾಷಣ ಮುಗಿದು ಟೀ ಕುಡಿಯುವ ಹೊತ್ತಿಗೆ ಹುಡುಗರು ಒಂದು ಪ್ರಶ್ನೆ ಎತ್ತುತ್ತಿದ್ದಾರೆ. "ಜೇಬಲ್ಲಿ ಹಿಡಿಸೋವಂಥ ಸಣ್ಣ ಪಿಸ್ತೂಲು, ದಿನಾ ಜೊತೇಲಿ ಇಟ್ಕೊಳ್ಳೋಕೆ, ಯಾವುದು ತಗೋಬಹುದು?" ಕೇಳುವವರು ರೌಡಿಗಳಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಬೆದರಿಕೆ ಫೋನು ಎತ್ತಿದವರು. ಜಾತಿ ಮೀರಿ ಮದುವೆಯಾಗಿ ಊರು ಬಿಟ್ಟು ಬಂದವರು. ಗೋಮಾಳದ ಕೇಸಿನಲ್ಲಿ ನಾಳೆ ಸಾಕ್ಷಿ ಹೇಳಬೇಕಾದವರು.

"ಛೀ, ಬುದ್ಧನ ದಾರಿಯಲ್ಲಿ ನಡೆಯೋರು ಇಂಥಾದ್ದೆಲ್ಲ ಕೇಳಬಾರದು" ಅಂತ ಬಾಯಿ ಮುಚ್ಚಿಸುವ ದೊಡ್ಡವರು ನಮ್ಮೊಳಗೂ ಇದ್ದಾರೆ. ನಾವು ಬಾಯಿ ಮುಚ್ಚಿಸೋದಿಲ್ಲ. ಪ್ರಾಣಭಯದ ಪ್ರಶ್ನೆಗೆ ನೀತಿಪಾಠ ಉತ್ತರವಲ್ಲ. ಕೇಳಿದ್ದಕ್ಕೆ ನೇರವಾಗಿಯೇ ಉತ್ತರ ಹೇಳುತ್ತೇವೆ, ಆಮೇಲೆ ನಮ್ಮ ಮಾತು ಹೇಳುತ್ತೇವೆ.

ಭಯ ಸುಳ್ಳಲ್ಲ. 2012ರ ನವೆಂಬರಿನಲ್ಲಿ ಚಾಮರಾಜಪೇಟೆಯ ವಿಠ್ಠಲನಗರದಲ್ಲಿ 'ಮಹಾಪ್ರಚಂಡ' ಪತ್ರಿಕೆಯ ಲಿಂಗರಾಜು ಅವರನ್ನು ಅವರ ಮನೆ ಮುಂದೆಯೇ ಮಚ್ಚಿನಿಂದ ಕೊಚ್ಚಿದರು. ಅವರೂ ಮಾಹಿತಿ ಹಕ್ಕಿನ ಹೋರಾಟಗಾರರೇ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ರಾಜರಾಜೇಶ್ವರಿನಗರದ ತಮ್ಮ ಮನೆ ಗೇಟಿನಲ್ಲಿ ಬಿದ್ದರು. ಅವರ ಪತ್ರಿಕೆ ನಡೆಯುತ್ತಿದ್ದುದು ಇಲ್ಲೇ ನಮ್ಮ ಬಸವನಗುಡಿಯಿಂದ. ಕಲಬುರ್ಗಿಯವರನ್ನೂ ಗೌರಿಯವರನ್ನೂ ಕೊಂದದ್ದು ಒಂದೇ 7.65 ಮಿಲಿಮೀಟರಿನ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನದ ವರದಿ ಹೇಳಿತು. ಹುಡುಗರು ಕೇಳುತ್ತಿರುವುದೂ ಇದೇ ಅಳತೆಯ, ಜೇಬಿಗೆ ಹಿಡಿಸುವ ವಸ್ತು.

ಈಗ ಉತ್ತರ. ಈ ದೇಶದಲ್ಲಿ ಸಾಮಾನ್ಯ ಪ್ರಜೆಗೆ ಎಲ್ಲಾ ಪಿಸ್ತೂಲೂ ಸಿಗೋದಿಲ್ಲ. ಪೊಲೀಸರು, ಸೈನ್ಯ ಹಿಡಿಯುವ 9 ಮಿಲಿಮೀಟರಿನದು ನಿಷೇಧಿತ ಅಳತೆ. ಸಿನಿಮಾದಲ್ಲಿ ನೋಡಿದ್ದನ್ನು ಮರೆತುಬಿಡಿ. ಲೈಸೆನ್ಸಿಗೆ ಸಿಗೋದು ಹೆಚ್ಚಾಗಿ .32 ಅಳತೆಯ ರಿವಾಲ್ವರು ಅಥವಾ ಪಿಸ್ತೂಲು, ಇಲ್ಲವೇ ಇನ್ನೂ ಸಣ್ಣ .22. ಎರಡಕ್ಕೂ .32 ಅನ್ನುತ್ತಾರೆ, ಆದರೆ ರಿವಾಲ್ವರಿನ ತೋಟಾ ಪಿಸ್ತೂಲಿಗೆ ಆಗೋದಿಲ್ಲ, ಪಿಸ್ತೂಲಿನದು ರಿವಾಲ್ವರಿಗೆ ಆಗೋದಿಲ್ಲ. ಸರ್ಕಾರಿ ಕಾರ್ಖಾನೆ 2014ರಲ್ಲಿ ಕಾನ್ಪುರದಿಂದ 'ನಿರ್ಭೀಕ್' ಅಂತ ಒಂದು ರಿವಾಲ್ವರು ಹೊರತಂದಿತು. ತೂಕ ಅರ್ಧ ಕಿಲೋ. ದೆಹಲಿಯ ಹೆಣ್ಣುಮಗಳ ಕೊಲೆಯಾದ ಮೇಲೆ ಹೆಂಗಸರಿಗೆಂದೇ ಮಾಡಿದ್ದು ಅಂತ ಪ್ರಚಾರವಾಯಿತು. ಆಗಿನ ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. ಈಶಾಪುರದ ಕಾರ್ಖಾನೆಯ .22 ಅಳತೆಯ 'ನಿಡರ್' ಕಾಲು ಕಿಲೋ ತೂಕದ್ದು, ಬೆಲೆಯೂ ಕಡಿಮೆ. 2023ರಲ್ಲಿ ಕಾನ್ಪುರದಿಂದಲೇ 'ಪ್ರಬಲ್' ಬಂತು. ಅದು ಸುಮಾರು 700 ಗ್ರಾಂ.

ಪಿಸ್ತೂಲಿನಲ್ಲಿ ಗುಂಡು ಹೆಚ್ಚು, ಮೈ ಚಪ್ಪಟೆ. ಆದರೆ ಅದಕ್ಕೆ ಅಭ್ಯಾಸ ಹೆಚ್ಚು ಬೇಕು. ಗುಂಡು ಸಿಕ್ಕಿಕೊಂಡರೆ ಬಿಡಿಸುವುದು ಗೊತ್ತಿರಬೇಕು. ರಿವಾಲ್ವರಿನ ಹೊಟ್ಟೆ ದಪ್ಪ, ಸಾಮಾನ್ಯವಾಗಿ ಆರೇ ಗುಂಡು. ಆದರೆ ಸರಳ. ಹಗುರವಾದಷ್ಟೂ ಜೇಬಿಗೆ ಸುಖ, ಕೈಗೆ ಕಷ್ಟ. ಹಗುರದ ಬಂದೂಕು ಹಿಂದಕ್ಕೆ ಜೋರಾಗಿ ಒದೆಯುತ್ತದೆ, ಗುರಿ ತಪ್ಪುತ್ತದೆ. ಗಿಡ್ಡ ನಳಿಗೆಯದು ಹತ್ತು ಹೆಜ್ಜೆ ಆಚೆಗೆ ಅಭ್ಯಾಸವಿಲ್ಲದವನ ಕೈಯಲ್ಲಿ ದಂಡ. ಜೇಬಲ್ಲಿ ಇಡುವುದಾದರೆ ಆ ಜೇಬಲ್ಲಿ ಬೇರೇನೂ ಇರಬಾರದು. ಬೀಗದ ಕೈ, ಚಿಲ್ಲರೆ, ಬೆಂಕಿಪೊಟ್ಟಣ ಯಾವುದೂ ಇರಬಾರದು. ಕುದುರೆಯನ್ನು ಪೂರಾ ಮುಚ್ಚುವ ಗಟ್ಟಿ ಚರ್ಮದ ಒರೆ ಇರಲೇಬೇಕು. ಒರೆ ಇಲ್ಲದ ಪಿಸ್ತೂಲು ಶತ್ರುವಿಗಿಂತ ಮುಂಚೆ ಸ್ವಂತ ತೊಡೆಯನ್ನು ಹುಡುಕುತ್ತದೆ.

ಇದಿಷ್ಟು ಅಂಗಡಿಯವನೂ ಹೇಳುತ್ತಾನೆ. ಅವನು ಹೇಳದ್ದನ್ನು ನಾವು ಹೇಳಬೇಕು.

ಪಿಸ್ತೂಲಿಗೆ ಮೊದಲು ಜೇಬು ಬೇಕು. ಸೀರೆ ಉಡುವ ನಮ್ಮ ತಾಯಂದಿರಿಗೆ ಜೇಬೇ ಇಲ್ಲ. ಅವರ ಹೆಸರಲ್ಲಿ ರಿವಾಲ್ವರು ಮಾಡಿದವರು ಇದನ್ನು ಯೋಚಿಸಿದರೋ ಇಲ್ಲವೋ. ಬೆಳಿಗ್ಗೆ ಐದಕ್ಕೆ ಪೊರಕೆ ಹಿಡಿದು ಬೀದಿಗೆ ಇಳಿಯುವ ಪೌರಕಾರ್ಮಿಕಳಿಗೆ 1 ಲಕ್ಷ 22 ಸಾವಿರ ಎಷ್ಟು ತಿಂಗಳ ಸಂಬಳ, ನೀವೇ ಲೆಕ್ಕ ಹಾಕಿ. ಆಯಿತು, ಸಾಲ ಮಾಡಿ ತಂದಿರಿ ಅನ್ನೋಣ. ರಾತ್ರಿ ಎಲ್ಲಿ ಇಡುತ್ತೀರಿ? ಭದ್ರವಾಗಿ ಇಡುತ್ತೇನೆ ಅಂತ ಲೈಸೆನ್ಸು ಕೇಳುವಾಗ ಮುಚ್ಚಳಿಕೆ ಬರೆದುಕೊಡಬೇಕು. ಹತ್ತು ಅಡಿಗೆ ಹತ್ತು ಅಡಿಯ ಒಂದೇ ಕೋಣೆ, ಅದರಲ್ಲಿ ಐದು ಜನ, ಅದರಲ್ಲಿ ಎರಡು ಮಕ್ಕಳು. ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ ಇಲ್ಲದ ಮನೆಯಲ್ಲಿ ಬಂದೂಕಿನ ಮೊದಲ ಗುರಿ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಜೇಬಿನ ಪಿಸ್ತೂಲು ಕೆಲಸ ಮಾಡೋದು ಕೊಲ್ಲಲು ಬಂದವನನ್ನು ನಾವು ಮೊದಲು ನೋಡಿದರೆ ಮಾತ್ರ. ಹೊತ್ತು ಗೊತ್ತು ಮಾಡುವವನು ಕೊಲೆಗಾರ. ಗೌರಿಯವರು ಗೇಟು ತೆಗೆಯುತ್ತಿದ್ದರು. ಕಲಬುರ್ಗಿಯವರು ಬಾಗಿಲಿಗೆ ಬಂದಿದ್ದರು. ಆ ಗಳಿಗೆಯಲ್ಲಿ ಜೇಬಿಗೆ ಕೈ ಹಾಕಲು ಯಾರಿಗೆ ಪುರುಸೊತ್ತು?

ಹಳ್ಳಿಯಲ್ಲಂತೂ ಕೊಲ್ಲಲು ಬರುವವನು ಒಬ್ಬನಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಮನೆಗೆ ಬೆಂಕಿ ಇಟ್ಟರು. ನಮ್ಮ ಏಳು ಜನ ಸುಟ್ಟು ಬೂದಿಯಾದರು. ಅವತ್ತು ಅಲ್ಲಿ ಒಬ್ಬನ ಜೇಬಿನಲ್ಲಿ ಆರು ಗುಂಡಿನ ರಿವಾಲ್ವರು ಇದ್ದಿದ್ದರೆ ಏನಾಗುತ್ತಿತ್ತು? ಬೆಂಕಿಗೆ ಗುಂಡು ಹೊಡೆಯಲಾಗುತ್ತದೆಯೇ? ಆರು ಗುಂಡು ಮುಗಿದ ಮೇಲೆ ಮಿಕ್ಕ ಕೇರಿಯ ಗತಿ ಏನು? "ಅವರೇ ಮೊದಲು ಹೊಡೆದರು" ಅನ್ನುವ ಒಂದು ಮಾತು ಸಾಕಿತ್ತು, ಸತ್ತವರೇ ಆರೋಪಿಗಳಾಗುತ್ತಿದ್ದರು. ಹಾಗಿಲ್ಲದೆಯೂ ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಹಾಗಾದರೆ ಕೈ ಕಟ್ಟಿಕೊಂಡು ಕೂರಬೇಕಾ? ಬೇಡ. ಇಲ್ಲಿಂದ ನಮ್ಮ ಮಾತು ಶುರು.

ಆಯುಧ ಯಾರ ಕೈಯಲ್ಲಿರಬೇಕು ಅನ್ನೋದನ್ನು ಈ ದೇಶದಲ್ಲಿ ಜಾತಿಯೇ ತೀರ್ಮಾನ ಮಾಡಿಕೊಂಡು ಬಂದಿದೆ. ಗವಿ ಗಂಗಾಧರೇಶ್ವರನ ಅಂಗಳದಲ್ಲಿ ಬಂಡೆಯಲ್ಲಿ ಕಡೆದ ತ್ರಿಶೂಲ ನಿಂತಿದೆ. ದೇವರು ಆಯುಧ ಹಿಡಿಯಬಹುದು. ಆಯುಧಪೂಜೆ ದಿನ ಒಡೆಯರ ಮನೆಯ ಕೋವಿಗೆ ಕುಂಕುಮ ಬೀಳುತ್ತದೆ. ನಮ್ಮ ಪಾಲಿಗೆ ಬಂದದ್ದು ತಮಟೆ, ಪೊರಕೆ, ಸತ್ತ ದನ. ಕೆಳಜಾತಿಗಳು ಇಷ್ಟು ಕಾಲ ಯಾಕೆ ತಿರುಗಿ ಬೀಳಲಿಲ್ಲ ಎಂಬುದಕ್ಕೆ ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ಕೊಟ್ಟ ಕಾರಣಗಳಲ್ಲಿ ಇದೂ ಒಂದು: ಚಾತುರ್ವರ್ಣ್ಯ ಅವರ ಕೈಗೆ ಆಯುಧ ಕೊಡಲಿಲ್ಲ. ಈ ಮಾತು ಬರೆದವರು ಸುಬೇದಾರ್ ರಾಮಜಿಯವರ ಮಗ. ಅಸ್ಪೃಶ್ಯರ ಕೈಗೆ ಬಂದೂಕು ಬಂದರೆ ಅವರೂ ಸಿಪಾಯಿಗಳೇ ಅನ್ನೋದನ್ನು ಮನೆಯಲ್ಲೇ ಕಂಡವರು.

ಇವತ್ತಿಗೂ ಹುಟ್ಟಿನಿಂದ ಬಂದೂಕು ಬರುವುದುಂಟು. ನಮ್ಮ ರಾಜ್ಯದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಸರಿ ಅಂದಿತು. ಅವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ, ಅವರ ಹಬ್ಬ ಅವರಿಗಿರಲಿ. ನಾವು ಕೇಳೋದು ಇಷ್ಟೇ. ಹುಟ್ಟನ್ನು ನೋಡಿ ನಂಬಲು ಈ ಸರ್ಕಾರಕ್ಕೆ ಬರುತ್ತದೆ. ಹುಟ್ಟಿನ ಕಾರಣಕ್ಕೇ ಏಟು ತಿನ್ನುವವರು ಕೇಳಿದಾಗ ಮಾತ್ರ "ನಿಮಗ್ಯಾಕ್ರೀ ಇದು" ಅಂತ ಯಾಕೆ ನಗುತ್ತದೆ?

ನಗುವವರಿಗೆ ಕಾನೂನು ಓದಿ ಹೇಳಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ನಿಯಮಗಳಾದವು. ಅದರ 3ನೇ ನಿಯಮ ನಮ್ಮ ಎಷ್ಟೋ ಮುಖಂಡರಿಗೇ ಗೊತ್ತಿಲ್ಲ. ದೌರ್ಜನ್ಯದ ಪ್ರದೇಶ ಅಂತ ಗುರುತಿಸಿದ ಕಡೆ ಸರ್ಕಾರ ಏನೇನು ಮಾಡಬೇಕು ಅಂತ ಅಲ್ಲಿ ಬರೆದಿದೆ. ಅಗತ್ಯ ಕಂಡರೆ, ಪರಿಶಿಷ್ಟರಲ್ಲದವರ, ಅವರ ಹತ್ತಿರದ ನೆಂಟರ, ಆಳುಗಳ, ಸ್ನೇಹಿತರ ಬಂದೂಕು ಲೈಸೆನ್ಸು ರದ್ದು ಮಾಡಿ ಆಯುಧಗಳನ್ನು ಸರ್ಕಾರಿ ಶಸ್ತ್ರಾಗಾರಕ್ಕೆ ಒಪ್ಪಿಸಿಕೊಳ್ಳಬೇಕು. ಅಕ್ರಮ ಬಂದೂಕು ವಶಪಡಿಸಿಕೊಳ್ಳಬೇಕು. ಮತ್ತು ಅಗತ್ಯ ಕಂಡರೆ, ಪರಿಶಿಷ್ಟ ಜಾತಿ ಪಂಗಡದವರ ಜೀವ ಆಸ್ತಿ ರಕ್ಷಣೆಗೆ ಅವರಿಗೆ ಬಂದೂಕು ಲೈಸೆನ್ಸು ಕೊಡಬೇಕು. ಇದು ನಮ್ಮ ಭಾಷಣವಲ್ಲ, ಭಾರತ ಸರ್ಕಾರದ ನಿಯಮ. ಆ ಕ್ರಮವನ್ನು ಗಮನಿಸಿ. ಮೊದಲು ಅವರ ಕೈಯಿಂದ ತೆಗೆಯುವುದು, ಆಮೇಲೆ ನಮ್ಮ ಕೈಗೆ ಕೊಡುವುದು. ನಾವೂ ಅದೇ ಕ್ರಮದಲ್ಲಿ ಕೇಳಬೇಕು. ಒಡೆಯನ ಡಬಲ್ ಬ್ಯಾರೆಲ್ಲು ಗೋಡೆ ಮೇಲೆ ಇರುವಾಗ ನಮ್ಮ ಹುಡುಗನ ಜೇಬಿನ ರಿವಾಲ್ವರು ಕೇರಿಯನ್ನು ಕಾಯೋದಿಲ್ಲ.

1959ರ ಆಯುಧ ಕಾಯ್ದೆಯಲ್ಲೂ ನಮಗೆ ಬೇಕಾದ ಮಾತುಗಳಿವೆ. ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸುವಂತಿಲ್ಲ ಅಂತ 14ನೇ ಸೆಕ್ಷನ್ ಹೇಳುತ್ತದೆ. ನಿರಾಕರಿಸಿದರೆ ಕಾರಣ ಬರವಣಿಗೆಯಲ್ಲಿ ದಾಖಲಾಗಬೇಕು. ಅದರ ವಿರುದ್ಧ 18ನೇ ಸೆಕ್ಷನ್ನಿನಲ್ಲಿ ಮೇಲ್ಮನವಿ ಇದೆ.

ಆದ್ದರಿಂದ ಜೀವಭಯ ಇರುವ ಗೆಳೆಯರಿಗೆ ನಾವು ಹೇಳೋದು ಹೀಗೆ.

1. ನಾಡ ಪಿಸ್ತೂಲು ಬೇಡವೇ ಬೇಡ. ಹತ್ತು ಸಾವಿರಕ್ಕೆ ಕೊಡಿಸ್ತೀನಿ ಅಂತ ಬರುವವನು ನಾಳೆ ನಿಮ್ಮನ್ನೇ ಹಿಡಿದುಕೊಡುತ್ತಾನೆ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸಿಲ್ಲದ ಬಂದೂಕು ಇಟ್ಟುಕೊಂಡರೆ ಕನಿಷ್ಠ 2 ವರ್ಷ, 5 ವರ್ಷದವರೆಗೂ ಜೈಲು. ಅದು ಕೈಯಲ್ಲೇ ಸಿಡಿಯುವುದೂ ಉಂಟು. ಹೋರಾಟಗಾರನನ್ನು ಮುಗಿಸಲು ಶತ್ರು ಗುಂಡು ಖರ್ಚು ಮಾಡಬೇಕಾಗಿಲ್ಲ, ನಿಮ್ಮ ಜೇಬಲ್ಲಿ ಒಂದು ನಾಡ ಪಿಸ್ತೂಲು ಸಿಕ್ಕರೆ ಸಾಕು.

2. ಬೆದರಿಕೆ ಬಂದ ದಿನವೇ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ತಾರೀಖು, ಹೊತ್ತು, ಫೋನು ನಂಬರು, ಅಂದ ಮಾತು, ಎಲ್ಲಾ ಬರೆಯಿರಿ. ಪೊಲೀಸ್ ರಕ್ಷಣೆ ಬೇಕು ಅಂತ ಅದರಲ್ಲೇ ಕೇಳಿ.

3. 21 ವರ್ಷ ತುಂಬಿದವರು ಲೈಸೆನ್ಸಿಗೆ ಅರ್ಜಿ ಹಾಕಿ. ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರಿಗೆ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗೆ. ಬಂದೂಕು ಕೊಳ್ಳುವ ದುಡ್ಡು ಇಲ್ಲದಿದ್ದರೂ ಹಾಕಿ. ಯಾಕೆಂದರೆ ಅರ್ಜಿ ಬಿದ್ದ ಕೂಡಲೇ ಪೊಲೀಸರು ವರದಿ ಬರೆಯಬೇಕು. ಈ ಮನುಷ್ಯನ ಜೀವಕ್ಕೆ ಅಪಾಯ ಇದೆಯೋ ಇಲ್ಲವೋ ಅಂತ ಸರ್ಕಾರ ಕಾಗದದ ಮೇಲೆ ಹೇಳಬೇಕು. ಇದೆ ಅಂದರೆ ಕಾವಲು ಕೊಡಿ ಅಂತ ಕೇಳಬಹುದು. ಇಲ್ಲ ಅಂದರೆ, ನಾಳೆ ಏನಾದರೂ ಆದ ದಿನ ಆ ಕಾಗದವೇ ಸಾಕ್ಷಿ ಹೇಳುತ್ತದೆ.

4. ದೌರ್ಜನ್ಯ ನಡೆದ ಊರಿನವರು ಒಬ್ಬೊಬ್ಬರೇ ಹೋಗಬೇಡಿ. ಕೇರಿಯ ಎಲ್ಲರ ಸಹಿ ಹಾಕಿಸಿ 3ನೇ ನಿಯಮದ ಪ್ರಕಾರ ಅವರ ಲೈಸೆನ್ಸು ರದ್ದು ಮಾಡಿ ಅಂತ ಜಿಲ್ಲಾಧಿಕಾರಿಗೆ ಮನವಿ ಕೊಡಿ. ಚುನಾವಣೆ ಬಂದರೆ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ ಅಂತ ಆದೇಶ ಹೊರಡಿಸುವ ಅಧಿಕಾರಿಗಳಿಗೆ, ನಮ್ಮ ಗುಡಿಸಲು ಉರಿದಾಗಲೂ ಅದೇ ಕೈ ಬರೆಯಬಲ್ಲದು ಅಂತ ನೆನಪಿಸಿ.

5. ಲೈಸೆನ್ಸು ಸಿಕ್ಕಿ ಕೊಂಡವರು ತರಬೇತಿ ಇಲ್ಲದೆ ಜೇಬಿಗಿಡಬೇಡಿ. ಕುಡಿದಾಗ ಮುಟ್ಟಬೇಡಿ. ಮದುವೆ, ಮೆರವಣಿಗೆಯಲ್ಲಿ ತೋರಿಸಬೇಡಿ. ಒಡೆಯ ಆಕಾಶಕ್ಕೆ ಹೊಡೆದರೆ ಸಂಭ್ರಮ ಅನ್ನುತ್ತಾರೆ, ನಾವು ಹೊಡೆದರೆ ನಕ್ಸಲ್ ಅನ್ನುತ್ತಾರೆ.

ಕಾಗದಕ್ಕೆ ಏನು ಬೆಲೆ ಅಂತ ಕೇಳುವವರು ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನು ನೋಡಲಿ. 2014ರ ಆಗಸ್ಟ್ 28ರಂದು ಅಲ್ಲಿ ನಮ್ಮವರ ಗುಡಿಸಲು ಸುಟ್ಟರು. ಹತ್ತು ವರ್ಷ ಕಳೆದು 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರಲ್ಲಿ ಬಹುತೇಕರಿಗೆ ಮರುತಿಂಗಳೇ ಹೈಕೋರ್ಟು ಜಾಮೀನು ಕೊಟ್ಟದ್ದೂ ನಿಜ. ಆದರೂ ಕಂಬಾಲಪಲ್ಲಿಯಲ್ಲಿ ಆಗದೇ ಹೋದದ್ದು ಇಲ್ಲಿ ಇಷ್ಟರಮಟ್ಟಿಗಾದರೂ ಆಯಿತು. ಸಾಕ್ಷಿ ನಿಂತಲ್ಲಿ ಕೇಸು ನಿಂತಿತು. ಸಾಕ್ಷಿಯನ್ನು ಕಾಯುವುದು ಹೇಗೆ ಅನ್ನೋದೇ ನಮ್ಮ ಮುಂದಿರುವ ಪ್ರಶ್ನೆ. ಅವನ ಜೇಬಿಗೆ ಒಂದು ರಿವಾಲ್ವರು ತುರುಕಿ "ಇನ್ನು ನೀನುಂಟು ನಿನ್ನ ಹಣೆಬರಹವುಂಟು" ಅಂತ ಕಳಿಸಿಬಿಟ್ಟರೆ ನಮ್ಮ ಕೆಲಸ ಮುಗಿಯೋದಿಲ್ಲ. ಅವನ ಜೊತೆ ಕೋರ್ಟಿಗೆ ಹತ್ತು ಜನ ಹೋಗಬೇಕು. ರಾತ್ರಿ ಅವನ ಮನೆಯಲ್ಲಿ ಇಬ್ಬರು ಮಲಗಬೇಕು.

ಯಾವ ಪಿಸ್ತೂಲು ಅಂತ ಕೇಳಿದ ಗೆಳೆಯರೇ, ಮುಂದಿನ ಸಭೆಗೆ ಬರುವಾಗ ನಿಮಗೆ ಬಂದ ಬೆದರಿಕೆಯ ವಿವರ ಬರೆದು ತನ್ನಿ. ಓದು ಬಲ್ಲ ಹುಡುಗರು ಅರ್ಜಿ ಬರೆದುಕೊಡುತ್ತಾರೆ. ಕಮಿಷನರ ಆಫೀಸಿಗೆ ಎಲ್ಲರೂ ಒಟ್ಟಿಗೇ ಹೋಗೋಣ.

ಜೈ ಭೀಮ್.