ಇಂಗ್ಲಿಷ್ ಬೋಧನೆ: ಪಟ್ಟಿಯಿಂದ ವಾಕ್ಯದ ಕಡೆಗೆ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ಸಂಸ್ಥೆಯ ಏಳಿಗೆಯನ್ನು ಕುರಿತು ನಾಲ್ಕು ಒಳ್ಳೆಯ ಮಾತುಗಳನ್ನು ಬರೆದು ಮುಗಿಸುವುದು ನನಗೆ ಕಷ್ಟವಾಗಿರಲಿಲ್ಲ. ಆದರೆ ಬಹುಕಾಲ ಇಂಗ್ಲಿಷ್ ಪಾಠ ಹೇಳಿದ ನಾನು, ನನ್ನದೇ ಬೋಧನೆಯಲ್ಲಿದ್ದ ಕೊರತೆಯೊಂದನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ಒಪ್ಪಿಕೊಳ್ಳುವುದು ಹೆಚ್ಚು ಪ್ರಯೋಜನಕರವೆಂದು ಭಾವಿಸಿ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಅಜ್ಜಂಪುರದ ಕಡೆಯ ಹಳ್ಳಿಯ ಹುಡುಗನೊಬ್ಬನು ನನ್ನ ವಿದ್ಯಾರ್ಥಿಯಾಗಿದ್ದನು. ಪ್ರೌಢಶಾಲೆ ಮುಗಿದ ಮೇಲೆ ತರೀಕೆರೆಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಮುಂದಿನ ವ್ಯಾಸಂಗ ಮಾಡಿದನು. ಮಾವನದು ಸಣ್ಣ ಅಂಗಡಿ. ತನ್ನ ಮಕ್ಕಳಿಗೆ ಕಡಿಮೆ ಮಾಡಿಯಾದರೂ ಅವರು ಅಳಿಯನನ್ನು ಓದಿಸಿದರು. ಉದ್ಯೋಗದ ಸಂದರ್ಶನವೊಂದರಲ್ಲಿ, ಈಗ ಎಲ್ಲಿ ವಾಸವಾಗಿದ್ದೀಯೆ ಎಂದು ಕೇಳಿದಾಗ ಹುಡುಗನು, ‘ಐ ಆ್ಯಮ್ ಪುಟ್ಟಿಂಗ್ ಅಪ್ ವಿತ್ ಮೈ ಅಂಕಲ್’ ಎಂದನು. ಎದುರಿಗಿದ್ದವರು ನಕ್ಕು, ‘ನಿನ್ನ ಮಾವ ಅಷ್ಟು ತೊಂದರೆ ಕೊಡುತ್ತಾರೆಯೇ?’ ಎಂದರಂತೆ. ಅವರೇಕೆ ನಕ್ಕರೆಂಬುದು ಹುಡುಗನಿಗೆ ತಿಳಿಯಲಿಲ್ಲ. ಅನಂತರದ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೂ ಅವನಿಂದ ಮಾತು ಹೊರಡಲಿಲ್ಲ. ಕೆಲಸವೂ ಸಿಗಲಿಲ್ಲ.

ಅವನು ಹೇಳಬೇಕೆಂದಿದ್ದುದು ‘ಮಾವನ ಮನೆಯಲ್ಲಿ ತಂಗಿದ್ದೇನೆ’ ಎಂದು. ಕೇಳಿದವರ ಕಿವಿಗೆ ಬಿದ್ದುದು ‘ಮಾವನನ್ನು ಹೇಗೋ ಸಹಿಸಿಕೊಂಡಿದ್ದೇನೆ’ ಎಂದು. ಅನ್ನವಿಟ್ಟವರನ್ನೇ ದೂರಿದಂತಾಯಿತು. ಆ ಹುಡುಗನು ನನ್ನ ಬಳಿಗೆ ಬಂದು, ‘ಸಾರ್, ನನ್ನ ಮಾತಿನಲ್ಲಿ ತಪ್ಪೇನಿತ್ತು?’ ಎಂದು ಕೇಳಿದಾಗ ನಾನು ಬಹಳ ಹೊತ್ತು ಸುಮ್ಮನಿದ್ದೆನು. ಏಕೆಂದರೆ ನಾನೇ ಕಪ್ಪುಹಲಗೆಯ ಮೇಲೆ ‘ಪುಟ್ ಅಪ್ ಎಂದರೆ ತಂಗು, ಪುಟ್ ಅಪ್ ವಿತ್ ಎಂದರೆ ಸಹಿಸು’ ಎಂದು ಎರಡು ಸಾಲು ಬರೆದಿದ್ದೆನು. ಅವನು ಅವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಪೂರ್ಣ ಅಂಕಗಳನ್ನೂ ಪಡೆದಿದ್ದನು. ತಪ್ಪು ಕಲಿತವನದಲ್ಲ, ಪಟ್ಟಿ ಕೊಟ್ಟು ಪಾಠ ಮುಗಿಯಿತೆಂದುಕೊಂಡವನದು.

ಕ್ರಿಯಾಪದಕ್ಕೆ ‘ಅಪ್’, ‘ಆಫ್’, ‘ಔಟ್’ ಮೊದಲಾದ ಕಿರುಪದಗಳು ಸೇರಿ ಹೊಸ ಅರ್ಥ ಹುಟ್ಟುವ ಇಂತಹ ಜೋಡಿಗಳಿಗೆ ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ಎಂದು ಹೆಸರು. ಲೋಗನ್ ಪಿಯರ್ಸಾಲ್ ಸ್ಮಿತ್ ಅವರು 1925ರ ತಮ್ಮ ಗ್ರಂಥದಲ್ಲಿ ಬಳಸಿದ ಮೇಲೆ ಈ ಹೆಸರು ಪ್ರಚಾರಕ್ಕೆ ಬಂದಿತು. ನಮ್ಮ ಪಠ್ಯಗಳು ಇಷ್ಟನ್ನು ಹೇಳುತ್ತವೆ. ಆದರೆ ಆಡುವ ಮಾತಿನಲ್ಲಿ ಈ ಜೋಡಿ ಅನೇಕ ವೇಳೆ ಅಲ್ಲಿಗೇ ನಿಲ್ಲುವುದಿಲ್ಲ. ಅದರ ಬೆನ್ನಿಗೆ ‘ಅಟ್’, ‘ವಿತ್’, ‘ಟು’, ‘ಆಫ್’ ಎಂಬ ಪ್ರಿಪೊಸಿಷನ್ನೂ ಅದಕ್ಕೆ ಅಂಟಿದ ನಾಮಪದವೂ ಬರುತ್ತವೆ. ಅರ್ಥ ಯಾವ ಕಡೆಗೆ ತಿರುಗುತ್ತದೆಂಬುದು ಹಲವು ಸಲ ಅಲ್ಲಿ ತೀರ್ಮಾನವಾಗುತ್ತದೆ.

ನಮ್ಮ ಸೀಮೆಯವರಿಗೆ ಇದು ಹೊಸ ಸಂಗತಿಯಲ್ಲ. ಕಡೂರಿನಲ್ಲಿ ರೈಲು ಹತ್ತಿದವರೆಲ್ಲರೂ ಬೀರೂರಿನವರೆಗೆ ಒಂದೇ ಹಳಿಯ ಮೇಲೆ ಹೋಗುತ್ತಾರೆ. ಬೀರೂರು ಜಂಕ್ಷನ್ನಿನಲ್ಲಿ ಹಳಿ ಕವಲೊಡೆಯುತ್ತದೆ: ಶಿವಮೊಗ್ಗದ ಗಾಡಿ ತರೀಕೆರೆಯ ಮೇಲೆ ಹೋಗುತ್ತದೆ, ಹುಬ್ಬಳ್ಳಿಯ ಗಾಡಿ ಅಜ್ಜಂಪುರದ ಮೇಲೆ ಹೋಗುತ್ತದೆ. ‘ಪುಟ್ ಅಪ್’ ಎಂಬುದು ಬೀರೂರಿನವರೆಗಿನ ಪ್ರಯಾಣ. ಮುಂದೆ ‘ಅಟ್ ಮೈ ಅಂಕಲ್ಸ್ ಹೌಸ್’ ಎಂದರೆ ವಾಸದ ಊರು ಬರುತ್ತದೆ. ‘ವಿತ್ ಮೈ ಅಂಕಲ್’ ಎಂದರೆ ಸಹನೆಯ ಊರು ಬರುತ್ತದೆ. ನಾವು ಮಕ್ಕಳನ್ನು ಜಂಕ್ಷನ್ನಿನವರೆಗೆ ಕರೆದೊಯ್ದು ಅಲ್ಲಿಯೇ ಇಳಿಸಿಬಿಡುತ್ತಿದ್ದೇವೆ.

ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ವಾಕ್ಯಗಳೂ ಒಳಗೆ ಬೇರೆಯಾಗಿರಬಹುದು. ‘ಹಿ ಕೇಮ್ ಅಪ್ ವಿತ್ ಹಿಸ್ ಬ್ರದರ್’ ಎಂದರೆ ಅಣ್ಣನ ಜೊತೆಯಲ್ಲಿ ಮೇಲೆ ಬಂದನು. ‘ಹಿ ಕೇಮ್ ಅಪ್ ವಿತ್ ಎ ಪ್ಲಾನ್’ ಎಂದರೆ ಒಂದು ಉಪಾಯವನ್ನು ಹೂಡಿದನು. ಇವುಗಳ ಭೇದವನ್ನು ತಿಳಿಯಲು ಹತ್ತನೆಯ ತರಗತಿಯ ಮಗುವೂ ಮಾಡಬಹುದಾದ ಪರೀಕ್ಷೆಯೊಂದಿದೆ: ‘ವಿತ್’ನಿಂದ ಆಚೆಗಿನದನ್ನು ತೆಗೆದು ನೋಡುವುದು. ಮೊದಲನೆಯದರಲ್ಲಿ ‘ಹಿ ಕೇಮ್ ಅಪ್’ ಎಂಬುದು ಅದೇ ಅರ್ಥದಲ್ಲಿ ನಿಲ್ಲುತ್ತದೆ. ಅಣ್ಣ ಹೋದರೂ ಬಂದವನು ಬಂದೇ ಇದ್ದಾನೆ. ಎರಡನೆಯದರಲ್ಲಿ ಉಪಾಯದ ಅರ್ಥವೇ ಮಾಯವಾಗುತ್ತದೆ. ಹೀಗೆ ತೆಗೆಯಲಾಗದಂತೆ ಬೆಸೆದುಕೊಂಡಿರುವಲ್ಲಿ ಮೂರು ಪದಗಳನ್ನೂ ಒಂದೇ ಕ್ರಿಯಾಪದವೆಂದು ಕಲಿಸಬೇಕು. ‘ರನ್ ಔಟ್ ಆಫ್’, ‘ಗೆಟ್ ಆನ್ ವಿತ್’ ಮುಂತಾದವುಗಳೆಲ್ಲ ಈ ಜಾತಿಗೆ ಸೇರಿದವು.

ಹಾಗಾದರೆ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ನಿಲುಕದ ವಿದ್ಯೆಯೇ? ಖಂಡಿತ ಅಲ್ಲ. ಇದರ ಕೀಲಿಕೈ ಅವರ ಮಾತೃಭಾಷೆಯಲ್ಲಿಯೇ ಇದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಕೈಬಿಡು, ಕೈಕೊಡು, ಕೈಮಾಡು ಎಂಬವುಗಳನ್ನು ನೋಡಿ. ಇವನ್ನು ಕ್ರಿಯಾಸಮಾಸವೆಂದು ನಮ್ಮ ಮಕ್ಕಳು ಕನ್ನಡ ತರಗತಿಯಲ್ಲಿ ಓದುತ್ತಾರೆ. ಹದಿಮೂರನೆಯ ಶತಮಾನದ ಕೇಶಿರಾಜನೂ ‘ಶಬ್ದಮಣಿದರ್ಪಣ’ದಲ್ಲಿ ಕ್ರಿಯಾಸಮಾಸವನ್ನು ವಿವರಿಸಿದ್ದಾನೆ. ಕೈಯೂ ಗೊತ್ತು, ಕೊಡುವುದೂ ಗೊತ್ತು. ಆದರೂ ಕೈಕೊಡುವುದೆಂದರೆ ಮೋಸ ಮಾಡುವುದೆಂದು ಪರದೇಶದವನು ಊಹಿಸಲಾರ. ಮಿಗಿಲಾಗಿ ಇವು ಒಂದೊಂದೂ ತನ್ನದೇ ವಿಭಕ್ತಿಯನ್ನು ಬೇಡುತ್ತವೆ. ‘ಗೆಳೆಯನನ್ನು ಕೈಬಿಟ್ಟನು’, ‘ಗೆಳೆಯನಿಗೆ ಕೈಕೊಟ್ಟನು’, ‘ಗೆಳೆಯನ ಮೇಲೆ ಕೈಮಾಡಿದನು’. ಪ್ರತ್ಯಯ ಕದಲಿದರೆ ಅರ್ಥವೂ ಕದಲುತ್ತದೆ. ‘ಗೆಳೆಯನಿಗೆ ಕೈಕೊಟ್ಟನು’ ಎಂಬುದಕ್ಕೂ ‘ಗೆಳೆಯನ ಕೈಗೆ ಕೊಟ್ಟನು’ ಎಂಬುದಕ್ಕೂ ಇರುವ ಅಂತರವೆಷ್ಟು! ಯಾವ ಮಗುವೂ ಇದರಲ್ಲಿ ತಪ್ಪುವುದಿಲ್ಲ, ಏಕೆಂದರೆ ಅದು ಇದನ್ನು ಪಟ್ಟಿಯಿಂದ ಕಲಿತಿಲ್ಲ, ಮಾತಿನಿಂದ ಕಲಿತಿದೆ.

ಇನ್ನೊಂದು ಉದಾಹರಣೆಯನ್ನು ನಿವೇದಿಸುತ್ತೇನೆ. ಅರ್ಜಿಗಳ ಕೊನೆಯಲ್ಲಿ ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂದು ಬರೆಯುವವರು ಅಸಂಖ್ಯರು. ಬರೆಯಬೇಕಾದುದು ‘ಟು ಮೀಟಿಂಗ್ ಯು’. ಕಾರಣ ಕೇಳಿದರೆ ‘ಅದು ಹಾಗೆಯೇ’ ಎನ್ನುತ್ತಿದ್ದೆವು. ಕನ್ನಡದಲ್ಲಿ ಇದಕ್ಕೆ ಕಾರಣ ಸಿಗುತ್ತದೆ. ‘ತಮ್ಮನ್ನು ಕಾಣುವುದನ್ನು ಎದುರುನೋಡುತ್ತಿದ್ದೇನೆ’ ಎಂಬಲ್ಲಿ ‘ಅನ್ನು’ ಪ್ರತ್ಯಯವು ‘ಕಾಣು’ ಎಂಬ ಧಾತುವಿಗೆ ನೇರವಾಗಿ ಹತ್ತುವುದಿಲ್ಲ. ಧಾತು ‘ಕಾಣುವುದು’ ಎಂದು ನಾಮರೂಪವನ್ನು ತಾಳಿದ ಮೇಲೆ ಹತ್ತುತ್ತದೆ. ಇಲ್ಲಿಯ ‘ಟು’ ಕೂಡ ಪ್ರಿಪೊಸಿಷನ್ ಆದುದರಿಂದ ತನ್ನ ಮುಂದೆ ನಾಮರೂಪವನ್ನೇ ಕೇಳುತ್ತದೆ. ‘ಮೀಟಿಂಗ್’ ಎಂಬುದು ಆ ನಾಮರೂಪ. ಈ ಮಾತನ್ನು ಒಮ್ಮೆ ಕೇಳಿದ ವಿದ್ಯಾರ್ಥಿ ಮತ್ತೆ ತಪ್ಪಿದುದನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಇದಕ್ಕೆಲ್ಲ ಇಂಗ್ಲಿಷ್ ಮಾಧ್ಯಮವೊಂದೇ ಮದ್ದೆಂದು ಕೆಲವು ಹಿತೈಷಿಗಳು ಹೇಳುವುದುಂಟು. ಅವರ ಕಾಳಜಿಯನ್ನು ಗೌರವಿಸುತ್ತಲೇ ನಾನು ಭಿನ್ನಾಭಿಪ್ರಾಯವನ್ನು ಸೂಚಿಸಬೇಕಾಗಿದೆ. ಮೇಲಿನ ತಪ್ಪುಗಳನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರ ಪತ್ರಗಳಲ್ಲಿಯೂ ಧಾರಾಳವಾಗಿ ಕಂಡಿದ್ದೇನೆ. ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ಭಾಷೆಯಾಗಿ ಆರಂಭವಾಗುತ್ತಿದೆ. ವರ್ಷಗಳು ಹೆಚ್ಚಿದುವು, ವಿಧಾನ ಬದಲಾಗದಿದ್ದರೆ ಪಟ್ಟಿ ಉದ್ದವಾಗುವುದೇ ಹೊರತು ಭಾಷೆ ಬರುವುದಿಲ್ಲ.

ನಮ್ಮ ದೇಶದ ಇಂಗ್ಲಿಷಿಗೂ ಒಂದು ಸ್ಥಾನವಿದೆಯಲ್ಲವೇ ಎಂದು ಮತ್ತೆ ಕೆಲವರು ಕೇಳಬಹುದು. ನಿಜ. ನಾವು ‘ಗೆಟ್ ಡೌನ್ ಅಟ್ ಬೀರೂರು’ ಎನ್ನುತ್ತೇವೆ, ಇಂಗ್ಲೆಂಡಿನವರು ‘ಗೆಟ್ ಆಫ್ ಅಟ್ ಬೀರೂರು’ ಎಂದಾರು. ಎರಡರಿಂದಲೂ ಪ್ರಯಾಣಿಕನು ಬೀರೂರಿನಲ್ಲಿಯೇ ಇಳಿಯುತ್ತಾನೆ, ಅಲ್ಲಿ ನಾಚಿಕೆಪಡಬೇಕಾದುದಿಲ್ಲ. ಆದರೆ ಹೇಳಿದ ಊರು ಒಂದು, ಕೇಳಿದ ಊರು ಇನ್ನೊಂದು ಆಗುವಲ್ಲಿ ಎಚ್ಚರ ಬೇಕು. ಯಾವುದು ಬರಿಯ ರೂಢಿಭೇದ, ಯಾವುದು ಅರ್ಥಹಾನಿ ಎಂಬ ವಿವೇಕವನ್ನು ಕೊಡುವುದೇ ಶಾಲೆಯ ಕೆಲಸ.

ಈ ದೃಷ್ಟಿಯಿಂದ ಮೂರು ಸಲಹೆಗಳನ್ನು ಸವಿನಯವಾಗಿ ಮುಂದಿಡುತ್ತೇನೆ. ಮೊದಲನೆಯದಾಗಿ, ಫ್ರೇಸಲ್ ವರ್ಬುಗಳ ಪಟ್ಟಿಯನ್ನು ಬಿಟ್ಟು, ಪ್ರತಿಯೊಂದನ್ನೂ ಅದರ ಮುಂದೆ ಬರುವ ಪದಗಳ ಸಹಿತ ಪೂರ್ಣ ವಾಕ್ಯದಲ್ಲಿ, ಮಗುವಿನ ಸ್ವಂತ ಊರು, ಮನೆ, ಕೆಲಸಗಳನ್ನು ಕುರಿತ ವಾಕ್ಯದಲ್ಲಿ ಬರೆಸಬೇಕು. ಎರಡನೆಯದಾಗಿ, ಕನ್ನಡ ಪಂಡಿತರೂ ಇಂಗ್ಲಿಷ್ ಅಧ್ಯಾಪಕರೂ ವಾರಕ್ಕೊಂದು ಅವಧಿ ಒಟ್ಟಿಗೆ ತರಗತಿ ನಡೆಸಿ, ವಿಭಕ್ತಿ ಮತ್ತು ಪ್ರಿಪೊಸಿಷನ್ನುಗಳನ್ನು ಎದುರುಬದುರಾಗಿಟ್ಟು ತೋರಿಸಬೇಕು. ಮೂರನೆಯದು ದಾನಿಗಳಲ್ಲಿ ಪ್ರಾರ್ಥನೆ. ಎ. ಎಸ್. ಹಾರ್ನ್‌ಬಿಯವರು ಜಪಾನಿನಲ್ಲಿ ಪಾಠ ಹೇಳಿದ ಅನುಭವದಿಂದ ರೂಪಿಸಿದ ಕಲಿಯುವವರ ನಿಘಂಟು 1948ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂದಿತು. ಬರ್ಮಿಂಗ್‌ಹ್ಯಾಮಿನ ಕೋಬಿಲ್ಡ್ ತಂಡವು ಜನರು ನಿಜವಾಗಿ ಬಳಸಿದ ವಾಕ್ಯಗಳನ್ನು ಕಲೆಹಾಕಿ 1989ರಲ್ಲಿ ಫ್ರೇಸಲ್ ವರ್ಬುಗಳಿಗೆಂದೇ ಒಂದು ನಿಘಂಟನ್ನು ತಂದಿತು. ಇಂತಹ ಪುಸ್ತಕಗಳ ಹೊಸ ಆವೃತ್ತಿಗಳು ಕಪಾಟಿನಲ್ಲಿ ಬೀಗದೊಳಗಿರದೆ, ಪ್ರತಿ ತರಗತಿಯಲ್ಲಿಯೂ ಮಕ್ಕಳ ಕೈಗೆ ಸಿಗುವಂತೆ ನಾಲ್ಕೈದು ಪ್ರತಿಗಳಿರಲಿ. ಗೋಡೆಯ ಮೇಲಿನ ಶಿಲಾಫಲಕದಷ್ಟೇ ಅಂಚು ಸವೆದ ನಿಘಂಟೂ ದಾನಿಗೆ ಕೀರ್ತಿ ತರುತ್ತದೆ.

ಆ ಹುಡುಗನು ಮುಂದೆ ಬೇರೊಂದು ಕೆಲಸ ಹಿಡಿದು ನೆಲೆಯಾದನು. ಅವನಿಗಾಗಿ ನಾವು ಮರುಗಬೇಕಾದುದಿಲ್ಲ. ಆದರೆ ತನ್ನ ಮಾವನ ಉಪಕಾರವನ್ನು ಪರಭಾಷೆಯಲ್ಲಿ ಸರಿಯಾಗಿ ಹೇಳಲು ಬೇಕಾದ ಒಂದು ಸಣ್ಣ ಪದವನ್ನು ನಾನು ಅವನಿಗೆ ಕಲಿಸಿರಲಿಲ್ಲವೆಂಬ ಕೊರಗು ನನಗಿದ್ದೇ ಇದೆ. ಇಂದು ಅದೇ ಬೆಂಚುಗಳ ಮೇಲೆ ಕುಳಿತಿರುವ ಮಕ್ಕಳ ವಿಷಯದಲ್ಲಿ ಅಂತಹ ಕೊರಗು ಇನ್ನಾವ ಅಧ್ಯಾಪಕರಿಗೂ ಉಳಿಯದಿರಲೆಂದು ಹಾರೈಸಿ ವಿರಮಿಸುತ್ತೇನೆ.