ಬ್ಯಾಟರಿ ಬದಲಿಸುವ ಮುನ್ನ ಅರ್ಥಿಂಗ್ ನೋಡಿ

ಉತ್ತರಪಾರಾದಲ್ಲಿ ಅಂಬಾಸಡರ್ ತಯಾರಿಕೆ ನಿಂತದ್ದು 2014ರಲ್ಲಿ. ಪ್ರೀಮಿಯರ್ ಪದ್ಮಿನಿ ಅದಕ್ಕೆ ಹತ್ತು ವರ್ಷಕ್ಕೂ ಮೊದಲೇ ನಿಂತುಹೋಗಿತ್ತು. ಹೀಗಾಗಿ ಈ ಕಾರುಗಳಿಂದ ಬಿಚ್ಚಿ ಎಸೆಯುವ ಒಂದೊಂದು ಮೂಲ ಬಿಡಿಭಾಗವೂ ತುಂಬಲಾಗದ ನಷ್ಟ. ಆದರೂ ಹೆಡ್‌ಲೈಟ್ ಮಂಕಾದರೆ ಡೈನಮೊ, ಎಂಜಿನ್ ಸುತ್ತಲು ತಿಣುಕಿದರೆ ಬ್ಯಾಟರಿ ಇಲ್ಲವೇ ಸೆಲ್ಫ್ ಮೋಟಾರ್ ಬದಲಿಸುವ ರೂಢಿ ಗ್ಯಾರೇಜುಗಳಲ್ಲಿದೆ. ಎಷ್ಟೋ ಸಲ ದೋಷ ಅವುಗಳಲ್ಲಿ ಇರುವುದೇ ಇಲ್ಲ. ಕರೆಂಟು ಬ್ಯಾಟರಿಗೆ ಮರಳುವ ದಾರಿಯಲ್ಲಿ, ಅಂದರೆ ಅರ್ಥಿಂಗ್‌ನಲ್ಲಿ ಇರುತ್ತದೆ. ಅದನ್ನು ಅಳೆಯದೆ ಯಾವ ಭಾಗಕ್ಕೂ ಸ್ಪ್ಯಾನರ್ ಹಾಕಬಾರದು.

ಈ ಕಾರುಗಳಲ್ಲಿ ದೀಪಕ್ಕೆ ಕರೆಂಟು ಒಯ್ಯಲು ವೈರ್ ಇದೆ. ವಾಪಸು ತರುವ ಕೆಲಸ ಬಹುಮಟ್ಟಿಗೆ ಬಾಡಿಯ ತಗಡಿನದು. ಬೋಲ್ಟ್ ಸಡಿಲವಾದರೆ, ತುಕ್ಕು ಹಿಡಿದರೆ ಅಲ್ಲಿ ತಡೆ ಹುಟ್ಟುತ್ತದೆ. ಟಿಂಕರಿಂಗ್ ಮುಗಿಸಿ ದಪ್ಪನೆ ಬಣ್ಣ ಹೊಡೆದ ಕಾರಿನಲ್ಲೂ ಇದೇ ಕಥೆ, ಏಕೆಂದರೆ ಬಣ್ಣ ವಿದ್ಯುತ್ತನ್ನು ಹರಿಯಗೊಡದು. 60 ವ್ಯಾಟಿನ ಬಲ್ಬ್ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ 0.2 ಓಮ್ ತಡೆಯಿದ್ದರೂ ಹೆಚ್ಚುಕಡಿಮೆ ಒಂದು ವೋಲ್ಟ್ ಅಲ್ಲೇ ಕಳೆದುಹೋಗಿ, ಬೆಳಕು ಸುಮಾರು ಕಾಲುಭಾಗ ಕುಗ್ಗುತ್ತದೆ. ನೂರಕ್ಕೂ ಹೆಚ್ಚು ಆಂಪಿಯರ್ ಬೇಡುವ ಸೆಲ್ಫ್ ಮೋಟಾರನ್ನು ಸೋಲಿಸಲು 0.01 ಓಮ್ ಸಾಕು. ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ಅದನ್ನು ಬಾಡಿಗೆ ಜೋಡಿಸುವ ಅರ್ಥ್ ಪಟ್ಟಿ ಕಳಚಿದ್ದರೆ ಅಷ್ಟೂ ಕರೆಂಟು ಚೋಕ್ ಕೇಬಲಿನಂಥ ತೆಳು ತಂತಿ ಹಿಡಿದು, ಅದನ್ನು ಸುಡುವಷ್ಟು ಕಾಯಿಸಬಹುದು.

‘ಮೀಟರ್ ಇಟ್ಟು ನೋಡಿದ್ದೇವೆ, ಕನೆಕ್ಷನ್ ಸರಿಯಿದೆ’ ಎನ್ನುವ ಎಲೆಕ್ಟ್ರಿಷಿಯನ್ ಸುಳ್ಳು ಹೇಳುತ್ತಿಲ್ಲ. ವೈರಿನ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಲೋಡ್ ಬಿದ್ದಾಗ ಆ ಎಳೆಗೆ ತಾಳುವ ಶಕ್ತಿಯಿಲ್ಲ. ಹಾಗಾಗಿ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ತುದಿಗೆ (ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅದು ಪಾಸಿಟಿವ್ ಆಗಿರಬಹುದು), ಇನ್ನೊಂದನ್ನು ಎಂಜಿನ್ ಬ್ಲಾಕಿಗೆ ಒತ್ತಿ ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿದಂತೆಯೇ. ಎಲ್‌ಇಡಿ ಬಲ್ಬ್ ಹಾಕಿದರೆ ಆಯಿತಲ್ಲ ಎನ್ನುವವರೂ ಇದ್ದಾರೆ; ಅದು ಕಡಿಮೆ ಕರೆಂಟು ಎಳೆದು ದೋಷವನ್ನು ಮುಚ್ಚುತ್ತದೆಯೇ ಹೊರತು ನೀಗಿಸುವುದಿಲ್ಲ. ಬಣ್ಣ ಕೆರೆದರೆ, ಹೊಸ ವೈರ್ ಎಳೆದರೆ ಮೂಲರೂಪ ಕೆಡುತ್ತದೆ ಎಂಬ ಆಕ್ಷೇಪ ಮಾತ್ರ ನಿಜವಾದ ಕಾಳಜಿಯಿಂದ ಬಂದದ್ದು. ಆದರೆ ಕೆರೆಯಬೇಕಾದದ್ದು ವಾಷರ್ ಕೂರುವಷ್ಟು ಜಾಗ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿದರೆ ತುಕ್ಕು ಹತ್ತಿರ ಬಾರದು. ಹೆಚ್ಚುವರಿ ಅರ್ಥ್ ವೈರನ್ನು ಬೇಡವೆನಿಸಿದಾಗ ಬಿಚ್ಚಬಹುದು. ಗುಜರಿ ಸೇರಿದ ಡೈನಮೊವನ್ನು ಎಲ್ಲಿಂದ ತರುವುದು? ಭಾಗ ಬದಲಿಸಬೇಕೆಂದು ಗ್ಯಾರೇಜಿನವರು ಹೇಳಿದಾಗ, ಅರ್ಥಿಂಗ್‌ನ ರೀಡಿಂಗ್ ಎಷ್ಟು ಬಂತು ಎಂದು ಮಾಲೀಕರು ಮೊದಲು ಕೇಳಲಿ.