ಬ್ಯಾಡ್ಜಿಗೆ ಸಿಗದ್ದು ಬಾಟಲಿಗೆ ಸಿಗುತ್ತದೆ

ದೇಗಾಂವದ ಕಮಲನಾರಾಯಣ ಗುಡಿಯ ಹತ್ತಿರ ಅಜ್ಜಿಯೊಬ್ಬರು ಕೇಳಿದ ಪ್ರಶ್ನೆ ಇದು: "ಮೊಮ್ಮಗ ಕೈಗಾದಾಗ ಗುತ್ತಿಗಿ ಕೆಲಸಕ್ಕದಾನ್ರೀ ಸರ. ಎದಿಮ್ಯಾಲೆ ಬ್ಯಾಡ್ಜ್ ಹಾಕ್ಯಾರಂತ. ಮತ್ತ ಉಚ್ಚಿ ಯಾಕ ತಗೋತಾರ? ಏನರ ರೋಗ ಐತೇನ್ರೀ?"

ರೋಗವಲ್ಲ. ಎದೆಯ ಬ್ಯಾಡ್ಜ್ ಲೆಕ್ಕ ಇಡುವುದು ಹೊರಗಿನಿಂದ ಮೈಗೆ ಬಡಿಯುವ ವಿಕಿರಣವನ್ನು. ಒಳಗೆ ಹೊಕ್ಕದ್ದನ್ನು ಅದು ಹೇಳಲಾರದು. ಕೈಗಾದಂಥ ಅಣುವಿದ್ಯುತ್ ಸ್ಥಾವರಗಳಲ್ಲಿ ಭಾರಜಲ ಬಳಸುತ್ತಾರೆ. ರಿಯಾಕ್ಟರ್ ಒಳಗೆ ನ್ಯೂಟ್ರಾನ್ ತಾಗಿ ಆ ನೀರಿನಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹುಟ್ಟುತ್ತದೆ. ಅದರ ಬೀಟಾ ಕಿರಣ ಎಷ್ಟು ದುರ್ಬಲವೆಂದರೆ ಚರ್ಮವನ್ನೂ ದಾಟದು, ಹಾಗಾಗಿ ಬ್ಯಾಡ್ಜಿಗೆ ಸುದ್ದಿಯೇ ಮುಟ್ಟುವುದಿಲ್ಲ. ಆದರೆ ಟ್ರಿಟಿಯಂ ಇರುವ ನೀರು ಉಸಿರಿನಲ್ಲಿ, ಚರ್ಮದ ಮೂಲಕ ಅಥವಾ ಬಾಯಿಂದ ಒಳಸೇರಿದರೆ ಮೈಯ ನೀರಿನಲ್ಲೆಲ್ಲ ಬೆರೆಯುತ್ತದೆ. ಬೆವರಿನಲ್ಲೂ ಬರುತ್ತದೆ, ಮೂತ್ರದಲ್ಲೂ ಬರುತ್ತದೆ.

ಪ್ರಯೋಗಾಲಯದಲ್ಲಿ ಸ್ವಲ್ಪ ಮೂತ್ರವನ್ನು ಸಣ್ಣ ಸೀಸೆಗೆ ಹಾಕಿ, ಮಿನುಗುವ ಗುಣದ ಒಂದು ದ್ರವದ ಜೊತೆ ಬೆರೆಸುತ್ತಾರೆ. ಬೀಟಾ ಕಣ ಹೊರಟಾಗಲೆಲ್ಲ ದ್ರವದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮಿಂಚು. ಕತ್ತಲೆಯಲ್ಲಿಟ್ಟ ಯಂತ್ರ ಆ ಮಿಂಚುಗಳನ್ನು ಎಣಿಸುತ್ತದೆ. ಸೀಸಿಯಂ, ಕೋಬಾಲ್ಟ್‌ನಂಥ ಗಾಮಾ ಸೂಸುವ ಧಾತುಗಳಿಗಾದರೆ ಬೇರೆ ದಾರಿ: ಕೆಲಸಗಾರನನ್ನೇ ಯಂತ್ರದ ಮುಂದೆ ಕೂರಿಸಿಯೋ ಮಲಗಿಸಿಯೋ ಇಡೀ ದೇಹವನ್ನು ಅಳೆಯುತ್ತಾರೆ. ನಮ್ಮೆಲ್ಲರ ಮೈಯಲ್ಲಿ ಸಹಜವಾಗಿರುವ ಪೊಟ್ಯಾಸಿಯಂ ಕೂಡ ಅಲ್ಲಿ ಕಾಣಿಸುತ್ತದೆ, ಅದಕ್ಕೆ ಗಾಬರಿ ಬೇಡ.

ಮೂತ್ರದ ಈ ಬಾಟಲಿಯ ಬೆಲೆ ಏನೆಂದು ಕೈಗಾ 2009ರ ನವೆಂಬರಿನಲ್ಲೇ ತೋರಿಸಿತು. ಒಂದನೇ ಘಟಕ ದುರಸ್ತಿಗೆಂದು ನಿಂತಿತ್ತು. ಎಂದಿನಂತೆ ಕೊಟ್ಟ ಮೂತ್ರದಲ್ಲಿ ಕೆಲವರಿಗೆ ಟ್ರಿಟಿಯಂ ಹೆಚ್ಚು ಬಂತು. ಹುಡುಕುತ್ತ ಹೋದರೆ ಸಿಕ್ಕಿದ್ದು ಕುಡಿಯುವ ನೀರಿನ ಕೂಲರ್. ಅದಕ್ಕೆ ಯಾರೋ ಬೇಕೆಂದೇ ಭಾರಜಲ ಬೆರೆಸಿದ್ದಾರೆ ಎಂದು ಅಧಿಕಾರಿಗಳು ಹೇಳಿದರು. ನೀರು ಕುಡಿದವರಲ್ಲಿ 50ಕ್ಕೂ ಹೆಚ್ಚು ಮಂದಿಗೆ ಟ್ರಿಟಿಯಂ ಸೇರಿತ್ತು. ಅಷ್ಟೂ ಜನರ ಎದೆಯ ಮೇಲೆ ಬ್ಯಾಡ್ಜ್ ಇದ್ದರೂ ಅದು ಈ ನೀರಿನ ಸುಳಿವು ಕೊಡುವಂಥದ್ದಲ್ಲ.

ಇಲ್ಲಿ ಹೊತ್ತಿನ ಮಾತು ಬಹಳ ಮುಖ್ಯ. ಟ್ರಿಟಿಯಂ ತಾನಾಗಿ ಅರ್ಧಕ್ಕಿಳಿಯಲು 12 ವರ್ಷಕ್ಕೂ ಹೆಚ್ಚು ಬೇಕು. ಆದರೆ ಮೈ ಅದನ್ನು ಸುಮಾರು 10 ದಿನಕ್ಕೆ ಅರ್ಧದಷ್ಟು ಹೊರಹಾಕುತ್ತದೆ, ನೀರು ಹೆಚ್ಚು ಕುಡಿದರೆ ಇನ್ನೂ ಬೇಗ. ಚಿಕಿತ್ಸೆಯೂ ಅದೇ: ಚೆನ್ನಾಗಿ ನೀರು ಕುಡಿಸುವುದು, ಮೂತ್ರ ಹೆಚ್ಚಿಸುವ ಔಷಧಿ ಕೊಡುವುದು. ಮೈಗೆ ಇದು ಒಳ್ಳೆಯದೇ, ಲೆಕ್ಕಕ್ಕೆ ಮಾತ್ರ ಕಷ್ಟ. ಒಂದು ತಿಂಗಳು ತಡವಾಗಿ ಬಾಟಲಿ ಕೊಟ್ಟರೆ ಎಂಟರಲ್ಲಿ ಒಂದು ಪಾಲಷ್ಟೇ ಉಳಿದಿರುತ್ತದೆ. ಯಾವತ್ತು ಒಳಹೋಯಿತೆಂದು ಗೊತ್ತಿಲ್ಲದಿದ್ದರೆ ಒಟ್ಟು ಎಷ್ಟು ತಗುಲಿತೆಂದು ಹಿಂದಕ್ಕೆ ಎಣಿಸುವುದು ಊಹೆಯ ಕೆಲಸವಾಗುತ್ತದೆ. ನಮ್ಮಲ್ಲಿ ಕೆಲಸಗಾರನಿಗೆ ಒಂದು ವರ್ಷದ ಮಿತಿ 30 ಮಿಲಿಸೀವರ್ಟ್, ಐದು ವರ್ಷದ ಸರಾಸರಿ ವರ್ಷಕ್ಕೆ 20. ಹೊರಗಿನದ್ದೂ ಒಳಗಿನದ್ದೂ ಕೂಡಿಸಿಯೇ ಈ ಲೆಕ್ಕ. ಬಾಟಲಿ ತಪ್ಪಿದರೆ ಕೂಡಿಸುವುದರಲ್ಲಿ ಒಳಗಿನ ಪಾಲೇ ಇಲ್ಲ.

ಇದರಲ್ಲಿ ನನಗೆ ಹೆಚ್ಚು ಚಿಂತೆ ಗುತ್ತಿಗೆ ಹುಡುಗರದ್ದು. ದುರಸ್ತಿ ಮುಗಿದೊಡನೆ ಊರಿಗೆ ಬರುವ ಹುಡುಗನ ಕೊನೆಯ ಬಾಟಲಿ ಯಾರೂ ಮರೆಯಬಾರದು. ಬಂದ ಅಂಕಿಯನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ಬರೆದು ಕೈಗೆ ಕೊಡಬೇಕು.

"ಹಂಗಾದ್ರ ಫೋನ್ ಮಾಡಿದಾಗ ಏನ್ ಕೇಳ್ಲಿ?" ಎಂದರು ಅಜ್ಜಿ. ಹೋದ ಸಲ ಎಷ್ಟು ಬಂತು, ಈ ಸಲ ಬಾಟಲಿ ಕೊಟ್ಟೆಯಾ ಎಂದು ಕೇಳಿ ಎಂದೆ.